ವಿಭೂತಿ ಹಚ್ಚಿ ತೊಳೆದ ಡಾಲರ್

ಜುಲೈ 28, ಸೋಮವಾರ

ಶ್ರಾವಣದ ಮೊದಲ ಸೋಮವಾರ. ಉಪವಾಸ. ಐದಕ್ಕೆ ಎದ್ದು ಅಂಗಳ ಕಸ ಗುಡಿಸಿ, ನೀರು ಹೊಡೆದು, ರಂಗೋಲಿ ಹಾಕಿದೆ. ಸ್ನಾನ, ಲಿಂಗಪೂಜೆ ಮುಗಿಸಿ ಎರಡು ಸೇರು ಶೇಂಗಾ ಹುರಿದು ಸಿಪ್ಪೆ ಹಾರಿಸಿದೆ. ಎಳ್ಳು ಹುರಿದೆ. ನಾಳೆ ಪಂಚಮಿ, ಉಂಡಿ ಕಟ್ಟಬೇಕಲ್ಲ. ರುಚಿ ನೋಡದೆ ಕಟ್ಟಿದ ಉಂಡಿ, ಬೆಲ್ಲ ಹೆಚ್ಚುಕಡಿಮೆ ಆಗಿದ್ದರೆ ಶಿವನೇ ನೋಡಿಕೊಳ್ಳಲಿ.

ಶ್ರಾವಣ ತಿಂಗಳು ಪೂರ್ತಿ ದಿನದ ತಪ್ಪು ಒಪ್ಪು ಬರೆದಿಡಿರಿ ಎಂದು ಮಠದ ಪ್ರವಚನದಲ್ಲಿ ಸ್ವಾಮಿಗಳು ಹೇಳಿದರು. ಗೊಬ್ಬರದ ಅಂಗಡಿಯವರು ಕೊಟ್ಟ ಡೈರಿ ಖಾಲಿ ಬಿದ್ದಿತ್ತು. ಉಗರಗೋಳದ ಸಾಲಿಯಲ್ಲಿ ಏಳನೆಯ ಇಯತ್ತೆಗೆ ನಿಂತ ಕೈ ಇದು, ಅಕ್ಷರ ಸೊಟ್ಟ. ಓದುವವಳು ನಾನೊಬ್ಬಳೇ.

ಸೊಸೆ ರೇಣುವನ್ನು ಅವಳ ಅಣ್ಣ ನಿನ್ನೆಯೇ ಬಂದು ಕಿತ್ತೂರಿಗೆ ಕರೆದುಕೊಂಡು ಹೋದ. ಪಂಚಮಿಗೆ ಅಣ್ಣ ಬಂದು ತಂಗಿಯನ್ನು ತವರಿಗೆ ಕರೆಯಬೇಕು, ಅದು ಪದ್ಧತಿ. ನನ್ನ ಅಣ್ಣ ಅಮೋಘಸಿದ್ದಪ್ಪ ಬರದೆ ಐದು ಪಂಚಮಿ ಹೋದವು. ತಪ್ಪು ನನ್ನದಲ್ಲ. 2019ರಲ್ಲಿ ಮಲಪ್ರಭಾ ಏರಿ ರಾಮದುರ್ಗದಲ್ಲಿ ಅಣ್ಣನ ಮನೆಗೆ ನೀರು ನುಗ್ಗಿದಾಗ ಅವನು ಮೊದಲು ಹೊರಗೆ ತಂದದ್ದು ತನ್ನ ಹಳೇ ನಾಣ್ಯದ ಪೆಟ್ಟಿಗೆಯನ್ನು, ಆಮೇಲೆ ಅಪ್ಪನನ್ನು. ಕಣ್ಣಾರೆ ಕಂಡವರೇ ಹೇಳಿದರು. ಅದೇ ದಸರಾ ಮುಂದೆ ಅಪ್ಪ ತೀರಿಕೊಂಡ. ಬಂದ ಬೀಗರೆಲ್ಲ ಕುಳಿತಿದ್ದರು, ಅವರ ಮುಂದೆಯೇ ನಾನು ಕೇಳಿದೆ, "ಅಪ್ಪನಕಿಂತ ನಿನಗ ಆ ತುಕಡಿ ಹೆಚ್ಚಾದ್ವೇನ ಅಣ್ಣಾ?" ಇದ್ದದ್ದನ್ನು ಇದ್ದ ಹಾಗೆ ಹೇಳುವುದು ನನ್ನ ಸ್ವಭಾವ. ಅಂದಿನಿಂದ ಅವನು ಬರುವುದನ್ನು ಬಿಟ್ಟ.

ತಪ್ಪು: ಉಂಡಿ ಕಟ್ಟುವಾಗ ಕೈಗೆ ಅಂಟಿದ ಬೆಲ್ಲ ನೆಕ್ಕಿದೆ. ಮರೆತು.

ಜುಲೈ 29, ಮಂಗಳವಾರ

ಅಣ್ಣ ಬಂದ.

ನಾಗಪ್ಪನಿಗೆ ಹಾಲೆರೆದು ಬಂದು ತಂಬಿಗೆ ಕೆಳಗಿಡುತ್ತಿದ್ದೆ. ಬಾಗಿಲಲ್ಲಿ ನಿಂತಿದ್ದ. ತಲೆ ಪೂರ್ತಿ ಬೆಳ್ಳಗಾಗಿದೆ. ಬಗಲಲ್ಲಿ ಅದೇ ತಗಡಿನ ಪೆಟ್ಟಿಗೆ. ನನ್ನ ಮುಖ ನೋಡದೆ ನಮ್ಮ ಮನೆಯವರಿಗೆ ಹೇಳಿದ:

"ಕಾಡಪ್ಪ, ಕರಿಯಾಕ ಬಂದಿಲ್ಲ ಮತ್ತ. ನಮ್ಮ ಮನ್ಯಾಗ ಸಾಮಾನೆಲ್ಲ ಮಾಳಗಿಗೆ ಏರಿಸೇವಿ. ನವಿಲುತೀರ್ಥದ ಡ್ಯಾಮ್ ತುಂಬಾಕತ್ತೈತಿ, ನೀರ ಬಿಟ್ರ ನಮ್ಮ ಓಣಿಗೇ ಮೊದಲ ಬರೂದು."

"ಬಂದದ್ದು ಚೊಲೊ ಆತು ಬಿಡ್ರಿ, ಕುಂದರ್ರಿ," ಎಂದರು ಇವರು. ಇವರಿಗೆ ಎಲ್ಲವೂ ಚೊಲೊ. ಹಿಟ್ಟಿನ ಗಿರಣಿ ನಡೆಸುವವರು, ಬಂದ ಕಾಳನ್ನೆಲ್ಲ ಬೀಸಿ ಕಳಿಸಿ ರೂಢಿ.

ಅಣ್ಣ ಪೆಟ್ಟಿಗೆಯನ್ನು ನನ್ನ ಕಡೆ ಸರಿಸಿದ. "ಇದನ್ನ ಇಟ್ಕೋ. ನೀರಿಳದ ಮ್ಯಾಲ ಬರ್ತೇನಿ." ಮೇಲೆ ಚಾವಿಯನ್ನೂ ಇಟ್ಟ.

ಎರಡು ಉಂಡಿ ಕೊಟ್ಟೆ. ತಿಂದ. "ಬೆಲ್ಲ ಕಮ್ಮಿ ಆಗೈತಿ."

"ಉಪಾಸ ಇದ್ದೆ. ರುಚಿ ನೋಡಿಲ್ಲ."

"ಅವ್ವಂದೂ ಹಂಗ ಇರ್ತಿತ್ತು," ಎಂದು ಇನ್ನೊಂದು ತೆಗೆದುಕೊಂಡ. ಹನ್ನೊಂದರ ಬಸ್ಸಿಗೆ ಹೋದ. ಪೋಸ್ಟಮಾಸ್ತರನಾಗಿ ನಿವೃತ್ತಿಯಾದರೂ ಬಸ್ಸಿನ ವೇಳೆಯೆಲ್ಲ ಬಾಯಿಪಾಠ.

ಬರ್ತೇನಿ ಎಂದಿದ್ದಾನೆ. ನೀರಿಳಿದ ಮೇಲೆ ಬರ್ತೇನಿ ಎಂದಿದ್ದಾನೆ.

ಆಗಸ್ಟ್ 1, ಶುಕ್ರವಾರ

ಪೆಟ್ಟಿಗೆ ತೆರೆದು ನೋಡಿದೆ. ಚಾವಿ ಕೊಟ್ಟವನು ನೋಡಬೇಡ ಎಂದೇನೂ ಹೇಳಿಲ್ಲ. ಪುಟ್ಟ ಪುಟ್ಟ ಕಾಗದದ ಚೀಲಗಳು, ಒಂದೊಂದರ ಮೇಲೂ ಅವನ ಮುತ್ತಿನಂಥ ಅಕ್ಷರ. ತಾಮ್ರದ ಕಾಸು, ತೂತಿನ ದುಡ್ಡು, ರಾಣಿಯ ರೂಪಾಯಿ. ಇಷ್ಟಕ್ಕೇ ಆ ಮನುಷ್ಯ ನಲವತ್ತು ವರ್ಷ ಕಣ್ಣು ಕಳೆದುಕೊಂಡದ್ದು.

ಎಲ್ಲದರ ಮೇಲೆ ಒಂದೇ ಒಂದು, ಕಾಜಿನಂಥ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಕ್ಕಿಸಿಟ್ಟ ದೊಡ್ಡ ಬೆಳ್ಳಿ ನಾಣ್ಯ. ಅಲ್ಲಾಡಿಸಿದರೆ ಒಳಗೆ ಕಟಕಟ ಅನ್ನುತ್ತದೆ. ಅದರ ಮೇಲೆ ಒಬ್ಬಳು ಹೆಣ್ಣುಮಗಳು. ದಪ್ಪ ಗಲ್ಲ, ತುಂಬು ಕುತ್ತಿಗೆ, ಮನೆತನಸ್ಥರ ಮುಖ. ತಲೆಯಲ್ಲಿ ಮುಡಿದದ್ದು ಏನೆಂದು ಬೆಳಕಿಗೆ ಹಿಡಿದು ನೋಡಿದೆ. ಗೋದಿಯ ತೆನೆ, ಅದರ ಪಕ್ಕ ಹತ್ತಿಯ ಕಾಯಿ. ಒಡೆದ ಹತ್ತಿಕಾಯಿ. ಬೈಲಹೊಂಗಲದಲ್ಲಿ ಮೂವತ್ತು ವರ್ಷ ಬಾಳುವೆ ಮಾಡಿದವಳಿಗೆ ಹತ್ತಿಕಾಯಿ ಗುರುತು ಸಿಗದೆ ಇರುತ್ತದೆಯೆ?

ಆಗಸ್ಟ್ 8, ಶುಕ್ರವಾರ

ಇವತ್ತು ವರಮಹಾಲಕ್ಷ್ಮಿ. ಪೂಜೆ ಇಷ್ಟು ಚೆನ್ನಾಗಿ ಯಾವ ವರ್ಷವೂ ಆಗಿರಲಿಲ್ಲ.

ಈ ದಿನ ಮನೆಯಲ್ಲಿರುವ ಬೆಳ್ಳಿಯನ್ನೆಲ್ಲ ತೊಳೆದು ದೇವರ ಜಗಲಿಗೆ ಇಡಬೇಕು. ಒಂದು ಚೂರು ಕತ್ತಲಲ್ಲಿ ಉಳಿದರೂ ಲಕ್ಷ್ಮಿ ಅದನ್ನೇ ಹುಡುಕಿಕೊಂಡು ಹೋಗಿಬಿಡುತ್ತಾಳೆ ಎಂದು ನಮ್ಮ ಅತ್ತೆ ಹೇಳುತ್ತಿದ್ದರು. ಬಟ್ಟಲು, ದೀಪದ ಸಮೆ, ಕಾಲುಚೈನು, ಅತ್ತೆಯ ಹನ್ನೊಂದು ರೂಪಾಯಿ ಎಲ್ಲ ತೊಳೆದೆ. ಆಗ ಪೆಟ್ಟಿಗೆಯ ನೆನಪಾಯಿತು. ಅಣ್ಣನ ಬೆಳ್ಳಿಯಾದರೂ ಈಗ ನನ್ನ ಮನೆಯಲ್ಲಿದೆ.

ರಾಣಿಯ ರೂಪಾಯಿಗಳು ಚೀಲದಲ್ಲೇ ಕಪ್ಪಗಾಗಿದ್ದವು, ಅವನ್ನು ಅಣ್ಣ ಬಂದ ಮೇಲೆ ಕೇಳಿ ತೊಳೆದರಾಯಿತೆಂದು ಚೀಲ ಸಮೇತ ಜಗಲಿಗೆ ಇಟ್ಟೆ. ಈ ಹತ್ತಿ ಮುಡಿದ ಹೆಣ್ಣುಮಗಳು ಮಾತ್ರ ಗಾಳಿಯಿಲ್ಲದ ಡಬ್ಬಿಯಲ್ಲಿ. ತಿರುಗಿಸಿ ನೋಡಿದರೆ ಹಿಂದೆ ರೆಕ್ಕೆ ಬಿಚ್ಚಿದ ಗರುಡ. ಮುಂದೆ ತೆನೆ ಮುಡಿದವಳು, ಹಿಂದೆ ಗರುಡ, ಬೆಳ್ಳಿಯ ಮೈ. ಇನ್ನು ಯಾರಿರುತ್ತಾಳೆ? ಶ್ರಾವಣ ಶುಕ್ರವಾರ ಮನೆಗೆ ಬಂದವಳಿಗೆ ನೀರಿಲ್ಲ, ಕುಂಕುಮವಿಲ್ಲ ಎಂದರೆ ನನಗೆ ಹೇಗೆ ಊಟ ಇಳಿದೀತು?

ಅಡಿಕೆ ಕತ್ತರಿಸುವ ಅಡಕೊತ್ತಿನಲ್ಲಿ ಡಬ್ಬಿಯ ಮೂಲೆ ಹಿಡಿದು ಒತ್ತಿದೆ. ಟಕ್ ಎಂದಿತು. ನಾಣ್ಯದ ಅಂಚಿಗೆ ನವಿಲುಗರಿಯ ಬಣ್ಣದ ಕಿಲುಬು ಸುತ್ತಿತ್ತು. ವಿಭೂತಿ ಗಟ್ಟಿ ತೇದು, ಒದ್ದೆ ಅರಿವೆಯಿಂದ ಅರ್ಧ ತಾಸು ತಿಕ್ಕಿದೆ. ಹಾಲಿನ ಹಾಗೆ ಬೆಳ್ಳಗಾಯಿತು. ಅರಿಷಿಣ ಕುಂಕುಮ ಹಚ್ಚಿ, ಒಂದು ಹತ್ತಿಯ ಎಳೆ ಏರಿಸಿದೆ.

ಅಣ್ಣ ಬಂದಾಗ ನೋಡಿ ಬೆರಗಾಗಬೇಕು.

ಒಪ್ಪು: ಇದೊಂದು ಸಾಕು.

ಆಗಸ್ಟ್ 9, ಶನಿವಾರ

ರೇಣು ತವರಿಂದ ಬಂದಳು. ಜಗಲಿಗೆ ಕೈಮುಗಿಯಲು ಹೋದವಳು ನಿಂತೇ ಇದ್ದಳು.

"ಅತ್ತೀ, ಇಕಿ ಯಾವ ದೇವಿರಿ?"

"ಅಮೆರಿಕದ ಲಕ್ಷ್ಮಿ. ಹತ್ತಿ ಮುಡದಾಳ ನೋಡು."

"ಇದು ಡಾಲರ್ ಅಲ್ಲೇನ್ರಿ? ಎಲ್ಲಿತ್ತು?"

"ಅಣ್ಣನ ಪೆಟಗ್ಯಾಗ. ಪ್ಲಾಸ್ಟಿಕ್ ಡಬ್ಬ್ಯಾಗ ಹೂತಿಟ್ಟಿದ್ದ. ಒಡದ ತಗದೆ."

ರೇಣು ಕಸದ ಬುಟ್ಟಿ ಬೋರಲು ಹಾಕಿ ಡಬ್ಬಿಯ ಚೂರು ಹುಡುಕಿದಳು. ಒಂದು ಚೂರಿನೊಳಗೆ ಸಣ್ಣ ಕಾಗದವಿತ್ತು, ಅದನ್ನು ಓದಿ ಮೊಬೈಲಿನಲ್ಲಿ ಏನೋ ಹುಡುಕತೊಡಗಿದಳು. ಮೊದಲೇ ಎಲ್ಲವನ್ನೂ ಮೊಬೈಲಿಗೆ ಕೇಳುವ ಹುಡುಗಿ.

"ಅತ್ತೀ, ನೀವು ಸ್ವಲ್ಪ ಕುಂದರ್ರಿ."

"ಕುಂತೇನಿ."

"ನೀರು ಕುಡೀರಿ."

"ಹೇಳವಾ ತಾಯಿ, ನನಗೇನ ಹೆರಿಗಿ ಬ್ಯಾನಿ ಬಂದಿಲ್ಲ."

ಅವಳು ಹೇಳಿದ್ದನ್ನು ತಿಳಿದಷ್ಟು ಬರೆಯುತ್ತೇನೆ. ಇದು 1885ರ ಬೆಳ್ಳಿ ಡಾಲರ್. ಗರುಡನ ಕೆಳಗೆ ಎರಡು ಅಕ್ಷರಗಳಿವೆ, ಅವು ಒಂದು ಸಣ್ಣ ಟಂಕಸಾಲೆಯ ಗುರುತು. ಅಲ್ಲಿ ಮಾಡಿದವು ಕಡಿಮೆ. ನಾಣ್ಯ ಎಷ್ಟು ಚೆನ್ನಾಗಿದೆ ಎಂದು ನೋಡಿ ಮಾರ್ಕು ಹಾಕುವ ಕಂಪನಿಗಳು ಅಮೆರಿಕದಲ್ಲಿವೆ. ಮಾರ್ಕು ಹಾಕಿ, ಯಾರೂ ಮುಟ್ಟದ ಹಾಗೆ ಡಬ್ಬಿಯಲ್ಲಿ ಮುಚ್ಚಿ, ನಂಬರ್ ಹಾಕಿ ಕೊಡುತ್ತಾರೆ. ನಮ್ಮ ಡಾಲರಿಗೆ ಎಪ್ಪತ್ತಕ್ಕೆ ಅರವತ್ತನಾಲ್ಕು ಬಂದಿತ್ತು.

"ನೂರಕ್ಕ ಯಾಕಿಲ್ಲ?" ಎಂದು ಇವರು ಕೇಳಿದರು. ಹಿಟ್ಟಿನ ಮೈಯಲ್ಲೇ ಬಂದು ನಿಂತಿದ್ದರು.

"ಅವರದು ಎಪ್ಪತ್ತಕ್ಕರಿ ಮಾವಾ."

"ಆಗ್ಲಿ. ನಮ್ಮ ಸಚಿನಗ ನೂರಕ್ಕೂ ಅಷ್ಟ ಬಿದ್ದಿರಲಿಲ್ಲ."

ಸಚಿನ ನಮ್ಮ ಮಗ, ರೇಣುವಿನ ಗಂಡ. ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುತ್ತಾನೆ. ರೇಣು ನಗಲಿಲ್ಲ.

"ಡಬ್ಬಿ ಇದ್ದಾಗ ಎಂಬತ್ತು-ತೊಂಬತ್ತು ಸಾವಿರಕ್ಕ ಹೋಗ್ತಿತ್ತರಿ. ತೊಳದ ನಾಣ್ಯಕ್ಕ ಅರ್ಧಾನೂ ಇಲ್ಲ. ಮತ್ತ ಆ ಡಬ್ಬಿ ಐತಲ್ಲರಿ, ಅದು ಮೊಟ್ಟಮೊದಲ ಮಾಡಿದ ನಮೂನಿ. ಕಟಕಟ ಅಂತಿತ್ತಲ್ಲ? ಆಮ್ಯಾಲ ಆ ನಮೂನಿ ಬಿಟ್ಟಬಿಟ್ರಂತ. ಅದಕ್ಕ ಆ ಡಬ್ಬಿ ಸಲುವಾಗೇ ಜಾಸ್ತಿ ರೊಕ್ಕ ಕೊಡೋ ಮಂದಿ ಅದಾರ."

"ಡಬ್ಬಿ ಸಲುವಾಗಿ?" ಎಂದರು ಇವರು. "ನಿಮ್ಮತ್ತಿ ಅಡಗಿಮನ್ಯಾಗ ನಾಕನೂರ ಡಬ್ಬಿ ಅದಾವ. ನೋಡವಾ, ಏನರ ಬರ್ತೈತೇನ."

ನನಗೆ ನಗು ಬರಲಿಲ್ಲ. ಆಮೇಲೆ ಒಬ್ಬಳೇ ರೊಟ್ಟಿ ಬಡಿಯುವಾಗ ಬಂತು. ಅದರ ಹಿಂದೆಯೇ ಅಳುವೂ ಬಂತು.

ಆಗಸ್ಟ್ 10, ಭಾನುವಾರ

ದುಡ್ಡು ಹೋಗಲಿ. ಐದು ವರ್ಷ ಬರದವನು ಬಂದಿದ್ದ.

ಆಗಸ್ಟ್ 11, ಸೋಮವಾರ

ಉಪವಾಸ. ಡಬ್ಬಿಯ ಚೂರುಗಳನ್ನು ಫೆವಿಕ್ವಿಕ್ ಹಾಕಿ ಅಂಟಿಸಲು ಕುಳಿತೆ. ಹೆಬ್ಬೆರಳು ತೋರುಬೆರಳು ಅಂಟಿಕೊಂಡವು. ಡಬ್ಬಿ ಅಂಟಲಿಲ್ಲ. ರೇಣು ಬಿಸಿನೀರಲ್ಲಿ ನನ್ನ ಕೈ ಅದ್ದಿ ಬಿಡಿಸಿದಳು, ಚೂರುಗಳನ್ನು ಕಾಗದದಲ್ಲಿ ಕಟ್ಟಿ ತನ್ನ ಟ್ರಂಕಿಗೆ ಹಾಕಿಕೊಂಡಳು. "ಇವು ನನ್ನ ಕಡೆ ಇರ್ಲಿ ಅತ್ತೀ, ನಿಮ್ಮ ಕೈಯಾಗ ಬ್ಯಾಡ."

ಆಮೇಲೆ ಬಜಾರಕ್ಕೆ, ಬೆಳ್ಳಿ ಕೆಲಸ ಮಾಡುವ ಮಾಂತೇಶ ಪತ್ತಾರನ ಅಂಗಡಿಗೆ ಹೋದೆ. ನಾಣ್ಯ ತೋರಿಸಿದೆ.

"ಭಾಳ ಛಂದ ಹೊಳದೈತಿ ಅಕ್ಕಾರ. ಏನ ಮಾಡ್ಲಿ? ಸರಕ್ಕ ಕುಣಿಕಿ ಹಚ್ಚಲೇನ?"

"ಹೊಳಪ ತಗೀಬೇಕಪಾ. ಮೊದಲಿನಂಗ ಮಾಸಬೇಕು."

ಅವನು ಕನ್ನಡಕ ಹಣೆಗೇರಿಸಿದ. "ಅಕ್ಕಾರ, ಇಪ್ಪತ್ತೆರಡ ವರ್ಷ ಆತು ಈ ಗಾದಿ ಮ್ಯಾಲ ಕುಂತು. ಹೊಳಪ ಕೊಡು ಅಂತ ಬಂದಾರ, ಕಸುಬಿನಾಗ ಮೋಸ ಮಾಡಿದಿ ಅಂತ ಬಂದಾರ. ಮಾಸಿ ಕೊಡು ಅಂತ ಬಂದವರು ನೀವ ಮೊದಲ."

"ಆಗೂದಿಲ್ಲೇನ?"

"ಆಗತೈತಿ. ನೂರ ವರ್ಷ ಸುಮ್ಮನ ಇಡಬೇಕ ಆಗತೈತಿ."

ಬೆಳಗಾವಿಯ ಖಡೇಬಜಾರದಲ್ಲಿ ಯುವರಾಜ ಎಂಬ ಹಳೇ ನಾಣ್ಯದ ವ್ಯಾಪಾರಿ ಇದ್ದಾನೆ, ಅವನನ್ನು ಕೇಳಿ ನೋಡಿ ಎಂದು ಚೀಟಿ ಬರೆದುಕೊಟ್ಟ. ಚಹಾ ತರಿಸಿದ. ಉಪವಾಸವಿದ್ದರೂ ಚಹಾ ನಡೆಯುತ್ತದೆ.

ಆಗಸ್ಟ್ 14, ಗುರುವಾರ

ರೇಣುವನ್ನು ಕರೆದುಕೊಂಡು ಬೆಳಗಾವಿಗೆ ಹೋಗಿ ಬಂದೆ. ಸೀರೆ ತರಲು ಎಂದು ಇವರಿಗೆ ಹೇಳಿದ್ದೆವು. ಸೀರೆ ತರಲಿಲ್ಲ, ಇವರು ಕೇಳಲೂ ಇಲ್ಲ.

ಯುವರಾಜನಿಗೆ ಮೂವತ್ತು ಮೂವತ್ತೈದು ವಯಸ್ಸು. ಮೇಜಿಗೆ ಕರಿ ಮಖಮಲ್ಲು ಹಾಸಿಕೊಂಡು ಕುಳಿತಿದ್ದ. ನಾಣ್ಯವನ್ನು ನಾನು ಮುಖದ ಮೇಲೆ ಹೆಬ್ಬೆರಳಿಟ್ಟು ಹಿಡಿದದ್ದು ಕಂಡು ಹೌಹಾರಿದ.

"ಅಂಚ ಹಿಡೀರಿ ಅಕ್ಕಾರ, ಅಂಚ. ಮಾರಿ ಮುಟ್ಟಬಾರದು."

ಮಸೂರ ಹಿಡಿದು ಬಹಳ ಹೊತ್ತು ನೋಡಿದ. "ಯಾತರಿಂದ ತೊಳದ್ರಿ?"

"ವಿಭೂತಿಲೆ."

"ಹುಣಸಿಹಣ್ಣು ನೋಡೇನಿ. ಹಲ್ಲ ತಿಕ್ಕೋ ಪೇಸ್ಟ್ ನೋಡೇನಿ. ಒಬ್ಬರು ಇಟ್ಟಂಗಿ ಪುಡಿ ಹಚ್ಚಿದ್ರು." ಸ್ವಲ್ಪ ತಡೆದು, "ವಿಭೂತಿ ಇದ ಮೊದಲ. ಪವಿತ್ರ ಆತು, ಏನ ಮಾಡೂದು," ಎಂದ.

ಮಸೂರ ನನ್ನ ಕೈಗೆ ಕೊಟ್ಟ. ನೋಡಿದರೆ ಗಲ್ಲದ ತುಂಬ ಕೂದಲೆಳೆಯಂಥ ಗೀರು, ಹೊಸ ಪರಾತಕ್ಕೆ ಬೂದಿ ಹಚ್ಚಿ ತಿಕ್ಕಿದರೆ ಬೀಳುತ್ತವಲ್ಲ ಹಾಗೆ. ನವಿಲುಗರಿಯ ಬಣ್ಣ ಕಿಲುಬಲ್ಲವಂತೆ. ನೂರು ವರ್ಷ ಚೀಲದಲ್ಲಿದ್ದು ತಾನೇ ಏರಿದ ಬಣ್ಣವಂತೆ. ಅದಕ್ಕೆ ಬೇರೆ ಬೆಲೆಯಂತೆ.

ಆಮೇಲೆ ಅವನೇ ಒಂದು ದಾರಿ ಹೇಳಿದ. ಇದೇ ವರ್ಷದ್ದು, ಇದೇ ಟಂಕಸಾಲೆಯದು, ಅದೇ ಹಳೇ ನಮೂನೆಯ ಡಬ್ಬಿಯಲ್ಲಿರುವುದು ಮುಂಬೈಯಲ್ಲಿ ಒಬ್ಬರ ಹತ್ತಿರ ಇದೆ. ನಮ್ಮದನ್ನು ಕೊಟ್ಟು ಮೇಲೆ ಒಂದಿಷ್ಟು ಹಾಕಿದರೆ ತರಿಸಿಕೊಡುತ್ತಾನೆ.

"ಮಾರ್ಕೂ ಅಷ್ಟ. ನಂಬರ್ ಒಂದ ಬ್ಯಾರೆ ಇರ್ತೈತಿ. ನಂಬರ್ ಯಾರು ನೆನಪಿಟ್ಟಿರ್ತಾರ?"

ನನ್ನ ಚಿನ್ನದ ಬೋರಮಾಳ ಕೊಟ್ಟರೆ ಆದೀತು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ರೇಣು ನನ್ನ ಕೊರಳು ನೋಡಿದಳು.

ಬಸ್ಸಿಗೆ ಹೊತ್ತಿತ್ತು. ಕುಳಿತೆವು. ಅವನು ತನ್ನ ಹತ್ತಿರ ಇದ್ದವನ್ನೆಲ್ಲ ತೋರಿಸಿದ. ನಮ್ಮ ರೂಪಾಯಿಯ ಮೇಲೂ ಗುರುತಿರುತ್ತದೆ, ಇಸವಿಯ ಕೆಳಗೆ: ವಜ್ರವಿದ್ದರೆ ಮುಂಬೈ, ನಕ್ಷತ್ರವಿದ್ದರೆ ಹೈದರಾಬಾದು, ಚುಕ್ಕಿಯಿದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತಾ. ಐವತ್ತು ವರ್ಷ ಕೈಯಲ್ಲಿ ಹಿಡಿದ ದುಡ್ಡು, ಒಂದು ದಿನವಾದರೂ ನೋಡಿರಲಿಲ್ಲ. ನಾಲ್ಕರ ಬಸ್ಸು ತಪ್ಪಿತು. ಐದರದೂ ತಪ್ಪಿತು.

ಆಗಸ್ಟ್ 15, ಶುಕ್ರವಾರ

ಪಂಚಾಂಗ ನೋಡಲಿಲ್ಲ. ಬೆಳಿಗ್ಗೆ ಗಿರಣಿಯ ಗಲ್ಲೆಯ ಚಿಲ್ಲರೆಯನ್ನು ಚಾಪೆಗೆ ಸುರಿದು ನಾಲ್ಕು ಊರಿನವನ್ನು ನಾಲ್ಕು ಗುಂಪು ಮಾಡಿದೆ. ಕೋಲ್ಕತ್ತಾದವು ಹೆಚ್ಚು. ನೋಯ್ಡಾದವು ಆರೇ ಆರು.

ಬೀಸಿಸಲು ಬಂದ ಅನ್ನಪೂರ್ಣಾ ಬುಟ್ಟಿ ಹಿಡಿದು ನಿಂತಿದ್ದಳು. "ಅಕ್ಕಾ, ಎರಡ ರೂಪಾಯಿ ಚಿಲ್ಲರ ಕೊಡ್ತೀಯೋ, ನಾಳೆ ಬರಲೋ?"

"ಕೊಲ್ಕತ್ತಾದ್ದು ಕೊಡ್ತೇನಿ ತಡಿ, ಅವು ಭಾಳ ಅದಾವ."

ಅವಳು ಇವರ ಮುಖ ನೋಡಿದಳು. ಇವರು ಮೇಲೆ ನೋಡಿ ಕೈಮುಗಿದರು.

ಯುವರಾಜನಿಗೆ ಫೋನ್ ಮಾಡಿ ಮುಂಬೈಯದನ್ನು ಕಾದಿರಿಸು ಎಂದೆ. ನಂಬರಿನದೊಂದು ಚಿಂತೆ. ಅಣ್ಣನಿಗೆ ಅದು ನೆನಪಿದೆಯೋ ಇಲ್ಲವೋ ಅವನ ಹೆಂಡತಿ ಕೃಷ್ಣವ್ವ ವೈನಿಯಿಂದ ಉಪಾಯವಾಗಿ ತಿಳಿಯಬೇಕು.

ತಪ್ಪು: ಇನ್ನೂ ಮಾಡಿಲ್ಲ. ಮಾಡಬೇಕೆಂದಿದ್ದೇನೆ.

ಆಗಸ್ಟ್ 18, ಸೋಮವಾರ

ಬೆಳಿಗ್ಗೆ ಅಣ್ಣ ಮಾರ್ಕೆಟ್ಟಿಗೆ ಹೋಗುವ ಹೊತ್ತು ನೋಡಿ ವೈನಿಗೆ ಫೋನ್ ಹಚ್ಚಿದೆ. ಹೊಳೆಯ ನೀರು, ಸೊಪ್ಪಿನ ದರ, ಅವಳ ಮೊಣಕಾಲು ಎಲ್ಲ ಕೇಳಿ ಕೊನೆಗೆ ಕೇಳಿದೆ, "ಅಲ್ಲ ವೈನಿ, ಆ ಡಾಲರಿನ ಡಬ್ಬಿ ಮ್ಯಾಲ ಉದ್ದಕ ಒಂದ ನಂಬರ್ ಐತಲ್ಲ, ಅಣ್ಣಗ ಅದೆಲ್ಲ ನೆನಪ ಇರ್ತೈತೇನ?"

"ನಂಬರ್ರಾ? ಜಳಕಾ ಮಾಡೂಮುಂದ ಮಂತ್ರದಂಗ ಅಂತಾರ. ಮಾವಾರಿಗೂ ಬಾಯಿಪಾಠ ಇತ್ತು."

"ಅಪ್ಪಗ?"

"ಮತ್ತ? ಉಗರಗೋಳದಾಗ ಮಾವಾರು ಕಾಯಿ ಕುಂಕುಮದ ಅಂಗಡಿ ಇಟ್ಟಾಗ ದೇವಿ ಗುಡ್ಡಕ್ಕ ಬಂದ ಮಂದಿ ಕೊಟ್ಟ ಹಳೇ ದುಡ್ಡು ಆರಿಸಿ ಇವರಿಗೆ ಕೊಟ್ಟವರ ಅವರು. ಪೆಟಗಿ ಅರ್ಧ ಅವರದ ಅಲ್ಲೇನ? ಕಡೀಕ ಕಣ್ಣ ಕಾಣ್ತಿದ್ದಿಲ್ಲ, ಡಬ್ಬಿ ಕಿವಿ ಹತ್ರ ಹಿಡದು ಅಲ್ಲಾಡಿಸಿ ನಗತಿದ್ರು."

ನನಗೆ ಇದು ಗೊತ್ತಿರಲಿಲ್ಲ. ನಾನು ಆ ಹೊತ್ತಿಗೆ ಮದುವೆಯಾಗಿ ಬಂದಿದ್ದೆ.

ವೈನಿ ನಿಲ್ಲಿಸಲಿಲ್ಲ. "ನೀರ ಬಂದ ದಿನಾನೂ ಪೆಟಗಿ ಮಾವಾರ ಎದಿಗೇ ಇತ್ತು. ಇವರು ಮಾವಾರನ್ನ ಬೆನ್ನ ಮ್ಯಾಲ ಹೊತ್ರು, ಎದಿ ಮಟ ನೀರು. ಬಿಡ ಅಪ್ಪಾ ಪೆಟಗಿ ಅಂದ್ರ ಬಿಡ್ಲಿಲ್ಲ. ಗುಡಿ ಮುಂದಿನ ಕಟ್ಟಿ ಮುಟ್ಟಿದ ಮ್ಯಾಲ ಮಾವಾರ ತಾವ ಅದನ್ನ ಮೊದಲ ಮ್ಯಾಲಿನವರ ಕೈಗೆ ಕೊಟ್ರು. ಆಮ್ಯಾಲ ಇವರು ಅವರನ್ನ ಇಳಿಸಿದ್ರು. ನೋಡಿದ ಮಂದಿ ಏನ ಹೇಳಿದ್ರೋ ಏನೋ."

ವೈನಿ ಹಲೋ ಹಲೋ ಎಂದಳು.

"ಐದ ವರ್ಷ ಯಾಕ ಹೇಳ್ಲಿಲ್ಲ ವೈನಿ?"

"ಹೇಳಬ್ಯಾಡ ಅಂದಿದ್ರು. ತಂಗಿ ತಾನಾಗೇ ಕೇಳ್ಲಿ ಅಂತ. ನೀ ಕೇಳ್ಲೇ ಇಲ್ಲ."

ಫೋನ್ ಇಟ್ಟು ಒಲೆಯ ಮುಂದೆ ಕುಳಿತು ಅವಲಕ್ಕಿ ತಿಂದೆ. ತಟ್ಟೆ ಖಾಲಿಯಾದ ಮೇಲೆ ಇವತ್ತು ಸೋಮವಾರ ಎಂದು ನೆನಪಾಯಿತು. ಶ್ರಾವಣದ ಕೊನೆಯ ಸೋಮವಾರ.

ಇದ್ದದ್ದನ್ನು ಇದ್ದ ಹಾಗೆ ಹೇಳುವವಳು ನಾನು. ಇದ್ದದ್ದು ಏನೆಂದು ಒಮ್ಮೆಯೂ ಕೇಳಿರಲಿಲ್ಲ.

ಆಗಸ್ಟ್ 19, ಮಂಗಳವಾರ

ಯುವರಾಜನಿಗೆ ಫೋನ್ ಮಾಡಿ ಮುಂಬೈಯದು ಬೇಡ ಎಂದೆ.

"ಯಾಕ್ರಿ ಅಕ್ಕಾರ, ಬ್ಯಾರೆ ಕಡೆ ಕಮ್ಮಿಗೆ ಸಿಕ್ತೇನ?"

"ಇಲ್ಲ. ನಂಬರ್ ಬಾಯಿಪಾಠ ಐತಂತ."

"ಹಂಗಾರ ನಡಿಯೂದಿಲ್ಲ," ಎಂದ ಅವನು. ನಂಬರ್ ಬಾಯಿಪಾಠ ಇರದಿದ್ದರೂ ಬೇಡವೆಂದೇ ಅನ್ನುತ್ತಿದ್ದೆ. ಅದನ್ನೆಲ್ಲ ಅವನಿಗೆ ಏಕೆ ಹೇಳಲಿ?

ಅಣ್ಣನಿಗೆ ಕಿವಿ ಮಂದ, ಫೋನಿನಲ್ಲಿ ಕೂಗಿ ಹೇಳುವ ಮಾತೂ ಇದಲ್ಲ. ಪತ್ರ ಬರೆದೆ. ಮೂರು ಸಲ ಹರಿದೆ. ನಾಲ್ಕನೆಯದರಲ್ಲಿ ಇಷ್ಟು ಉಳಿಯಿತು:

"ಅಣ್ಣಾ, ಎರಡು ತಪ್ಪು ಬರೆಯಲಿಕ್ಕಿದೆ. ಒಂದು, ವರಮಹಾಲಕ್ಷ್ಮಿಯ ದಿನ ನಿನ್ನ ಡಾಲರಿನ ಡಬ್ಬಿಯನ್ನು ಅಡಕೊತ್ತಿನಿಂದ ಒಡೆದು, ವಿಭೂತಿ ಹಚ್ಚಿ ತೊಳೆದೆ. ಗಲ್ಲದ ಮೇಲೆ ಗೀರು ಬಿದ್ದಿವೆ. ನವಿಲು ಬಣ್ಣ ಹೋಯಿತು. ಚೂರುಗಳನ್ನು ರೇಣು ಜೋಪಾನ ಮಾಡಿದ್ದಾಳೆ. ಇನ್ನೊಂದು, ಅಪ್ಪ ತೀರಿದಾಗ ಮಂದಿಯ ಮುಂದೆ ನಿನಗೆ ಅಂದ ಮಾತು. ಪೆಟ್ಟಿಗೆ ಯಾರ ಎದೆಯ ಮೇಲಿತ್ತೆಂದು ನಿನ್ನೆ ತಿಳಿಯಿತು. ಎರಡನೆಯದು ದೊಡ್ಡದು. ನೀನು ಸಿಟ್ಟಾಗು, ಬೈ. ಬರುವುದನ್ನು ಮಾತ್ರ ಬಿಡಬೇಡ."

ನಾನೇ ಹೋಗಿ ಟಪಾಲು ಪೆಟ್ಟಿಗೆಗೆ ಹಾಕಿದೆ.

ಆಗಸ್ಟ್ 23, ಶನಿವಾರ

ಅಮಾವಾಸ್ಯೆ. ಶ್ರಾವಣ ಮುಗಿಯಿತು. ಡೈರಿ ಇಲ್ಲಿಗೆ ನಿಲ್ಲಿಸಬೇಕು. ಪತ್ರಕ್ಕೆ ಉತ್ತರ ಬಂದಿಲ್ಲ, ಅದಕ್ಕೆ ನಿಲ್ಲಿಸುತ್ತಿಲ್ಲ.

ಆಗಸ್ಟ್ 26, ಮಂಗಳವಾರ

ಒಂದು ಕಾರ್ಡು ಬಂತು. "ಪತ್ರ ಮುಟ್ಟಿತು. ಓದಿದೆ. ಅ.ಸಿ." ಅಷ್ಟೇ.

"ಪೋಸ್ಟಮಾಸ್ತರ ಅಲ್ಲೇನ, ಪಾವತಿ ಹರದ ಕೊಟ್ಟಾನ," ಎಂದರು ಇವರು. ರೇಣು ಅವರಿಗೆ ಕಣ್ಣು ಮಾಡಿದಳು, ಒಳಗೆ ಹೋದರು.

ರೇಣು ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿದಳು. "ಅತ್ತೀ, ಸಿಟ್ಟಿದ್ದವರು ಕಾರ್ಡ ಖರ್ಚ ಮಾಡೂದಿಲ್ರಿ." ಹಿಂದೆ ಒಮ್ಮೆ ಇವಳನ್ನು ಮೊಬೈಲಿನ ಹುಡುಗಿ ಎಂದು ಬರೆದಿದ್ದೇನೆ. ಅದನ್ನು ಹೊಡೆದು ಹಾಕಬೇಕು. ನಾಳೆ ಗಣಪತಿ, ಇಬ್ಬರೂ ಕೂಡಿ ಮೋದಕ ಮಾಡಿದೆವು. ರುಚಿ ನೋಡಿ ಮಾಡಿದೆವು.

ಸೆಪ್ಟೆಂಬರ್ 2, ಮಂಗಳವಾರ

ಪಾಕೀಟು ಬಂತು. ಎರಡು ಹಾಳೆ, ಎರಡೂ ಬದಿ. ಗಿರಣಿಯ ಗಲ್ಲೆಯ ಹತ್ತಿರ ಕುಳಿತು ಓದಿದೆ. ಕಣ್ಣಲ್ಲಿ ಹಿಟ್ಟು ಹೋಗಿತ್ತು, ನಿಧಾನವಾಯಿತು.

ಮೊದಲ ಹಾಳೆ ಪೂರ್ತಿ ಬೈಗುಳ. ವಿಭೂತಿ ಎಂದರೆ ಬೆಳ್ಳಿಗೆ ಮರಳು ಇದ್ದ ಹಾಗೆ, ನಾಣ್ಯಕ್ಕೆ ನೀರು ಕೂಡ ತೋರಿಸಬಾರದು, ಏಳನೆಯ ಇಯತ್ತೆ ಓದಿದವಳಿಗೆ ಡಬ್ಬಿಯ ಮೇಲಿನ ಅಕ್ಷರ ಕಾಣಲಿಲ್ಲವೆ, ಅದು ಇಂಗ್ಲಿಷಿನಲ್ಲಿದ್ದರೆ ಕೇಳಬಾರದಿತ್ತೆ. ಹೀಗೇ. ಓದುತ್ತ ಓದುತ್ತ ಹಗುರಾಯಿತು. ಅಣ್ಣ ನನ್ನನ್ನು ಹೀಗೆ ಬೈದು ಎಷ್ಟು ವರ್ಷವಾಗಿತ್ತು.

ಎರಡನೆಯ ತಪ್ಪಿನ ಬಗ್ಗೆ ಒಂದೇ ಸಾಲು: "ಅದರ ಬಗ್ಗೆ ನೀನು ಬರೆದದ್ದನ್ನು ಅಪ್ಪನ ಫೋಟೋದ ಮುಂದೆ ಓದಿದೆ, ಮುಗಿಯಿತು."

ಆಮೇಲೆ ಅಕ್ಷರಗಳು ಸಣ್ಣವಾಗಿವೆ. "ಪುಣೆಯ ಗೆಳೆಯನೊಬ್ಬನಿಗೆ ಮೂರು ಹಳೇ ರೂಪಾಯಿ ಕೊಟ್ಟು ಅದನ್ನು ತಂದದ್ದು. ಬಂದಾಗಲೇ ಡಬ್ಬಿಯಲ್ಲಿತ್ತು. ಮೂವತ್ತು ವರ್ಷ ಕಾಜಿನ ಆಚೆಯಿಂದ ನೋಡಿದೆ, ಒಂದು ಸಲವೂ ಮುಟ್ಟಿಲ್ಲ. ನೀನು ಮುಟ್ಟಿದ್ದೀ. ತೂಕ ಹೇಗಿದೆ? ಅಂಚಿನ ಗೆರೆ ಬೆರಳಿಗೆ ಹತ್ತುತ್ತದೆಯೆ? ಕಲ್ಲಿನ ಮೇಲೆ ಬಿಟ್ಟರೆ ಏನು ಸಪ್ಪಳ? (ಬಿಡಬೇಡ.) ಎಲ್ಲ ವಿವರವಾಗಿ ಬರೆ. ನೀರು ಇಳಿದಿದೆ. ನನಗೆ ಮಂಡಿ ನೋವು, ಬಸ್ಸು ಆಗುವುದಿಲ್ಲ. ಡಾಲರನ್ನು ಅರಳೆಯಲ್ಲಿ ಸುತ್ತಿ ರಜಿಸ್ಟರ್ ಮಾಡಿ ಕಳಿಸು. ಪೆಟ್ಟಿಗೆಯನ್ನು ಸಚಿನ ಈ ಕಡೆ ಬಂದಾಗ ಕೊಟ್ಟು ಕಳಿಸಿದರಾಯಿತು."

ಬಸ್ಸು ಆಗುವುದಿಲ್ಲ ಎಂಬಲ್ಲಿ ನಾನು ಓದುವುದನ್ನು ನಿಲ್ಲಿಸಿದೆ. ಇಷ್ಟು ಬರೆದು ಕೊನೆಗೆ ಬರುವುದಿಲ್ಲ ಅನ್ನುತ್ತಾನಲ್ಲ ಎಂದು ಹಾಳೆಯನ್ನು ರೇಣುವಿನ ಕೈಗೆ ಕೊಟ್ಟೆ. ಆಗ ರೇಣು ಹಾಳೆಯ ತುದಿಯನ್ನು ತೋರಿಸಿದಳು. ಅಣ್ಣನ ಸಹಿಯ ಕೆಳಗೆ ವೈನಿ ಪೆನ್ಸಿಲಿನಲ್ಲಿ ಬರೆದಿದ್ದಳು, ಅವನಿಗೆ ಕಾಣದ ಹಾಗೆ, ಸಾಸಿವೆಕಾಳಿನಷ್ಟು ಅಕ್ಷರದಲ್ಲಿ:

"ಮಂಡಿ ನನ್ನದು. ಇವರದಲ್ಲ. ಕಳಸಬ್ಯಾಡ."

ನಾನು, ರೇಣು ನಕ್ಕದ್ದು ಗಿರಣಿಯ ಸಪ್ಪಳದ ಮೇಲೂ ಕೇಳಿಸಿತಂತೆ. ಇವರು ಯಂತ್ರದ ಪಟ್ಟಾ ನಿಲ್ಲಿಸಿ ಬಂದು ಏನೆಂದು ಕೇಳಿದರು, ಹೇಳಲಿಲ್ಲ.

ಒಂದೇ ಸಲಕ್ಕೆ ಉತ್ತರ ಬರೆದೆ. ಹರಿಯಲಿಲ್ಲ.

"ಅಣ್ಣಾ, ಡಾಲರ್ ಕಳಿಸುವುದಿಲ್ಲ. ತೂಕ ಬರೆಯುವುದಿಲ್ಲ, ಸಪ್ಪಳವನ್ನೂ ಬರೆಯುವುದಿಲ್ಲ. ಅವು ಕಾಗದಕ್ಕೆ ಬರುವಂಥವಲ್ಲ. ಬಂದು ನಿನ್ನ ಕೈಯಲ್ಲಿ ಹಿಡಿದು ನೋಡು. ಅಂಚು ಹಿಡಿದೇ ಕೊಡುತ್ತೇನೆ, ಈಗ ಕಲಿತಿದ್ದೇನೆ. ನೋಯ್ಡಾದ ರೂಪಾಯಿ ಒಂಬತ್ತಾಗಿವೆ, ಅವನ್ನೂ ನೋಡುವಿಯಂತೆ. ಮಂಡಿಗೆ ಎಣ್ಣೆ ಹಚ್ಚಿಕೊ. ಮಹಾನಂದಾ."

ಟಪಾಲು ಪೆಟ್ಟಿಗೆಯನ್ನು ನಾಲ್ಕಕ್ಕೆ ತೆಗೆಯುತ್ತಾರೆ, ಈಗ ಮೂರೂವರೆ. ಅನ್ನಪೂರ್ಣಾಳ ಜೋಳ ಕಲ್ಲಿನ ಬಾಯಿಗೆ ಬಿದ್ದಿದೆ, ಬಿಟ್ಟು ಏಳುವ ಹಾಗಿಲ್ಲ. ರೇಣು, ಏ ರೇಣು, ಇಲ್ಲಿ ಬಾರವಾ, ನಾ ಬರದ ಉತ್ರ ಗಲ್ಲೆ ಮ್ಯಾಲ ಐತಿ, ತಗೊಂಡ ಹೋಗು.